ಅನಿಶ್ಚಿತ ಕಾಲದಲ್ಲಿ ಊರು ಕಟ್ಟಿದವರು: ಮಡಿಕೇರಿ, 1924–1956

ಕೊಡಗಿನ ಆಧುನಿಕ ಚರಿತ್ರೆಯಲ್ಲಿ 1924ನೆಯ ವರ್ಷಕ್ಕೆ ವಿಶೇಷ ಮಹತ್ತ್ವವಿದೆ. ಆ ವರ್ಷ ಮಡಿಕೇರಿಯಲ್ಲಿ ಕೊಡಗು ಶಾಸನ ಪರಿಷತ್ತು ಅಸ್ತಿತ್ವಕ್ಕೆ ಬಂದಿತು. ಇಪ್ಪತ್ತು ಜನ ಸದಸ್ಯರು. ಅವರಲ್ಲಿ ಹದಿನೈದು ಮಂದಿ ಚುನಾಯಿತರು, ಐವರು ಸರಕಾರದಿಂದ ನಾಮಕರಣಗೊಂಡವರು. ಅದೇ ವರ್ಷ ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿದ 'ಪಟ್ಟೋಲೆ ಪಳಮೆ' ಪ್ರಕಟವಾಯಿತು. ಕೊಡವರ ಹಾಡು, ಗಾದೆ, ಕಟ್ಟುಪಾಡು, ಹಬ್ಬ ಹರಿದಿನಗಳ ವಿವರಗಳನ್ನು ಮುಪ್ಪಿನವರ ಬಾಯಿಂದ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಟ್ಟ ಗ್ರಂಥವದು. ಒಂದು ಮುಂದಿನ ಕಾಲದ ಆಡಳಿತಕ್ಕೆ ತೆರೆದ ಬಾಗಿಲು. ಇನ್ನೊಂದು ಹಿಂದಿನವರ ನುಡಿಯನ್ನು ಕಾಲದ ಹೊಡೆತದಿಂದ ಕಾಪಾಡುವ ಕಣಜ. ಮೇಲುನೋಟಕ್ಕೆ ಸಂಬಂಧವಿಲ್ಲದಂತೆ ತೋರುವ ಈ ಎರಡೂ ಘಟನೆಗಳ ಹಿಂದೆ ಇದ್ದುದು ಒಂದೇ ಆತಂಕ. ಸ್ವಂತ ಅರಸನಿಲ್ಲದ, ದೊಡ್ಡ ಪ್ರಾಂತಗಳ ನಡುವೆ ಸಿಲುಕಿದ ಈ ಪುಟ್ಟ ನಾಡು ಮುಂದೆ ಏನಾಗಲಿದೆ, ಯಾರೊಡನೆ ಸೇರಲಿದೆ, ತನ್ನವರೆಂದು ಯಾರನ್ನು ಕರೆಯಲಿದೆ ಎಂಬ ಪ್ರಶ್ನೆಗಳಿಗೆ ಆಗ ಉತ್ತರವಿರಲಿಲ್ಲ.

1924ರಿಂದ 1956ರವರೆಗಿನ ಮೂರು ದಶಕಗಳಲ್ಲಿ ಈ ಪ್ರಶ್ನೆಗಳು ಮಡಿಕೇರಿಯಲ್ಲಿ ಹೇಗೆ ರೂಪು ತಳೆದವು, ಅವುಗಳಿಗೆ ಮುಖಕೊಟ್ಟವರು ಯಾವ ದಾರಿಗಳನ್ನು ಹಿಡಿದರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಕೊಡಗಿನ ಚರಿತ್ರೆಯನ್ನು ಹಾಲೇರಿ ಅರಸರ ಏಳುಬೀಳಿನ ಕಥೆಯಾಗಿ, ಇಲ್ಲವೇ ಸೇನಾನಿಗಳ ಶೌರ್ಯದ ಕಥೆಯಾಗಿ ಓದುವ ರೂಢಿ ಬಲವಾಗಿದೆ. ಅವೆರಡರ ನಡುವೆ, ಊರು ಎಂಬುದನ್ನು ಹೊಸದಾಗಿ ಕಟ್ಟಲು ಹೆಣಗಿದವರ ಕಥೆ ಮರೆಯಾಗುತ್ತಿರುವುದು ವಿಷಾದದ ಸಂಗತಿ.

ಕೊಡಗಿನಲ್ಲಿ ಊರು ಎಂದರೆ ಮನೆಗಳ ಗುಂಪಷ್ಟೇ ಅಲ್ಲ. ಒಂದೇ ಮೂಲಪುರುಷನ ಸಂತತಿಯವರು ಸೇರಿ ಒಕ್ಕ, ಒಕ್ಕಕ್ಕೊಂದು ಐನ್‌ಮನೆ, ಹಲವು ಒಕ್ಕಗಳು ಸೇರಿ ಊರು, ಊರುಗಳು ಸೇರಿ ನಾಡು. ಊರಿಗೂ ನಾಡಿಗೂ ತಕ್ಕರಿದ್ದರು. ವ್ಯಾಜ್ಯ ತೀರ್ಮಾನಿಸುವುದು, ಹಬ್ಬದ ದಿನ ಗೊತ್ತುಪಡಿಸುವುದು, ಕಟ್ಟು ಮೀರಿದವರಿಗೆ ದಂಡ ವಿಧಿಸುವುದು ಅವರ ಹೊಣೆ. ಪುತ್ತರಿಯ ಕೋಲಾಟಕ್ಕೆ ಊರಿನ ಮಂದ್ ಇತ್ತು. ಜಮ್ಮಾ ಭೂಮಿಯ ಹಿಡುವಳಿ ವಂಶಪಾರಂಪರ್ಯವಾಗಿ ಒಕ್ಕದಲ್ಲೇ ಉಳಿಯುತ್ತಿತ್ತು; ಅದಕ್ಕೆ ಅರ್ಧ ಕಂದಾಯ, ಪ್ರತಿಯಾಗಿ ಅರಸನ ಕರೆ ಬಂದಾಗ ಆಯುಧ ಹಿಡಿದು ಹೊರಡುವ ಕಟ್ಟಳೆ. ಅರಸೊತ್ತಿಗೆ ಅಳಿದ ಮೇಲೂ ಇಲ್ಲಿನ ಸಮಾಜ ಚೆದುರಿಹೋಗದೆ ನಿಂತುದಕ್ಕೆ ಈ ಹೆಣಿಗೆಯೇ ಮುಖ್ಯ ಕಾರಣವೆಂದರೆ ತಪ್ಪಾಗಲಾರದು.

ಆದರೆ ಈ ಹೆಣಿಗೆಗೆ ಒಂದು ಅಂಚೂ ಇತ್ತು. 1940ರ ದಶಕದಲ್ಲಿ ಕೊಡಗಿನಲ್ಲಿ ಕ್ಷೇತ್ರಕಾರ್ಯ ನಡೆಸಿ, 1952ರಲ್ಲಿ ದಕ್ಷಿಣ ಭಾರತದ ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ ಎಂ.ಎನ್. ಶ್ರೀನಿವಾಸ್ ಅವರು ಇದನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಊರ ಹಬ್ಬಕ್ಕೆ ಮೇದರ ವಾದ್ಯ ಬೇಕು. ಕಣಿಯರು, ಪಣಿಕರು, ಬಣ್ಣರು ತಮ್ಮ ತಮ್ಮ ಪಾಲಿನ ಕೆಲಸ ನಡೆಸಿಕೊಡಬೇಕು. ಹೊಲೆಯರ ಪಾತ್ರವಿಲ್ಲದೆ ಹಲವು ಆಚರಣೆಗಳು ಪೂರ್ಣವಾಗುವುದೇ ಇಲ್ಲ. ಹಾಗಿದ್ದೂ ಹಬ್ಬ ಮುಗಿದ ಮರುದಿನ ಅದೇ ಜನಕ್ಕೆ ಐನ್‌ಮನೆಯ ಕೈಯಾಲೆ ಹತ್ತುವ ಹಕ್ಕಿರಲಿಲ್ಲ. ಗದ್ದೆಯ ಕೆಲಸಕ್ಕೆ ಎರವರು, ಕಾಡಿನ ಕೆಲಸಕ್ಕೆ ಕುರುಬರು. ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೆ ಎರವರಲ್ಲಿ ಬಹುಪಾಲು ಜನ ಒಡೆಯರ ಜೀತದಾಳುಗಳಾಗಿದ್ದರು. ಕಾನೂನಿನಲ್ಲಿ ಜೀತ ಕೊನೆಗೊಂಡರೂ ನೆಲವಿಲ್ಲದವರ ಬದುಕು ಬದಲಾಗಲಿಲ್ಲ. ಊರಿಗೆ ಅವರು ಬೇಕಾಗಿದ್ದರು, ಊರಿನವರಾಗಿರಲಿಲ್ಲ.

1834ರ ಏಪ್ರಿಲ್ 6ರಂದು ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯ ಮಡಿಕೇರಿಯ ಕೋಟೆಯಲ್ಲಿ ತನ್ನ ಧ್ವಜವೇರಿಸಿತು. ಚಿಕ್ಕವೀರರಾಜೇಂದ್ರ ಪದಚ್ಯುತನಾಗಿ ಕಾಶಿಗೆ ಹೋದನು. ಮೂರೇ ವರ್ಷಗಳಲ್ಲಿ, 1837ರಲ್ಲಿ, ಅಮರ ಸುಳ್ಯದ ರೈತರು ಕಂಪೆನಿಯ ವಿರುದ್ಧ ಬಂಡೆದ್ದು ಮಂಗಳೂರಿನವರೆಗೆ ನಡೆದರು. ಅರೆಭಾಷೆ ಗೌಡರು ಮುಂಚೂಣಿಯಲ್ಲಿದ್ದ ಆ ಬಂಡಾಯದ ನಾಯಕರಲ್ಲೊಬ್ಬನಾದ ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. ಬಂಡಾಯವನ್ನಡಗಿಸಲು ನೆರವಾದ ಮುಖಂಡರಿಗೆ ಕಂಪೆನಿಯು ಚಿನ್ನ ಬೆಳ್ಳಿಯ ಪದಕಗಳನ್ನು ಹಂಚಿತು. ಒಂದೇ ಕೋಟೆಯ ಬಳಿ ಒಬ್ಬರಿಗೆ ನೇಣು, ಮತ್ತೊಬ್ಬರಿಗೆ ಪದಕ. ನೆರೆಹೊರೆಯ ಎರಡು ಸಮುದಾಯಗಳು ಒಂದೇ ಘಟನೆಯನ್ನು ಎರಡು ಬಗೆಯಾಗಿ ನೆನೆಯುವಂತಾದುದು ಇಲ್ಲಿಂದಲೇ. ಕೊಡಗಿನಲ್ಲಿ ಸಮುದಾಯಗಳಿಗೆ ಕೊರತೆಯಿರಲಿಲ್ಲ. ಸಮುದಾಯಗಳ ನಡುವಣ ಅಂಗಳವೊಂದರ ಕೊರತೆಯಿತ್ತು.

ಬ್ರಿಟಿಷರ ಆಳ್ವಿಕೆಯಲ್ಲಿ ಕಾಫಿ ತೋಟ, ಸೈನ್ಯದ ನೌಕರಿ ಮತ್ತು ಮಡಿಕೇರಿಯ ಶಾಲೆಗಳು ಹೊಸದೊಂದು ವಿದ್ಯಾವಂತ ವರ್ಗವನ್ನು ಸೃಷ್ಟಿಸಿದವು. ಮೈಸೂರಿನ ರೆಸಿಡೆಂಟರೇ ದೀರ್ಘಕಾಲ ಕೊಡಗಿನ ಚೀಫ್ ಕಮಿಷನರರೂ ಆಗಿದ್ದುದರಿಂದ ನಿಜವಾದ ಅಧಿಕಾರ ಬೆಂಗಳೂರಿನಲ್ಲಿತ್ತು. ಶಾಸನ ಪರಿಷತ್ತಿನ ಮತಾಧಿಕಾರವು ಆಸ್ತಿವಂತರ ಮಿತಿಯಲ್ಲೇ ಇತ್ತು. 1930ರ ದಶಕದ ಆರಂಭಕ್ಕೆ ಜಗತ್ತಿನ ಆರ್ಥಿಕ ಮುಗ್ಗಟ್ಟು ಕಾಫಿಯ ಬೆಲೆಯನ್ನೂ ಕೆಳಗೆಳೆಯಿತು. ಬೆಳೆಗಾರರ ಸಂಕಟಕ್ಕೆ ಪರಿಹಾರವಾಗಿ ಕಾಫಿ ಸೆಸ್ ಸಮಿತಿ ಬಂದುದು 1935ರಲ್ಲಿ. 1931ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 1,63,327. ಇಷ್ಟು ಪುಟ್ಟ ನಾಡು, ಇಷ್ಟು ದುರ್ಬಲವಾದ ಶಾಸನಸಭೆ, ಒಂದೇ ಬೆಳೆಯನ್ನು ನೆಚ್ಚಿದ ಸಂಪತ್ತು. ಈ ಹಿನ್ನೆಲೆಯನ್ನು ಮರೆತು ಮುಂದಿನ ಘಟನೆಗಳನ್ನು ಅರ್ಥ ಮಾಡಿಕೊಳ್ಳಲಾಗದು.

1932ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಡಿ.ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಮಡಿಕೇರಿಯಲ್ಲಿ ನಡೆಯಿತು. ಕನ್ನಡವು ಕೊಡಗಿಗೆ ಹೊರಗಿನಿಂದ ಬಂದ ಭಾಷೆಯಲ್ಲ. ಹಾಲೇರಿ ಅರಸರ ಕಡತಗಳೂ ದೊಡ್ಡವೀರರಾಜೇಂದ್ರನು ಬರೆಸಿದ 'ರಾಜೇಂದ್ರನಾಮೆ'ಯೂ ಕನ್ನಡದಲ್ಲಿಯೇ ಇವೆ. ಆದರೂ ಮದ್ರಾಸು, ಮುಂಬಯಿ, ಹೈದರಾಬಾದು, ಮೈಸೂರುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಗುಡ್ಡ ಹತ್ತಿ ಈ ಊರಿಗೆ ಬಂದು ಕೂಡಿದುದು, ಮನೆಯಲ್ಲಿ ಕೊಡವ, ಅರೆಭಾಷೆ, ತುಳು, ಮಲೆಯಾಳ ಆಡುತ್ತಿದ್ದ ಜನರಿಗೆ ತಾವೆಲ್ಲರೂ ಸೇರಬಹುದಾದ ಒಂದು ಚಾವಡಿಯಿದೆಯೆಂಬ ಅರಿವನ್ನು ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪುಣೆ ಒಪ್ಪಂದವಾಯಿತು. ಅದರ ಬೆನ್ನಿಗೇ ಹರಿಜನ ಸೇವಕ ಸಂಘ ಸ್ಥಾಪನೆಯಾಯಿತು. ಚಾವಡಿಗೆ ಯಾರು ಯಾರು ಬರಬಹುದು ಎಂಬ ಪ್ರಶ್ನೆಯನ್ನು ಇನ್ನು ಮುಂದೂಡುವಂತಿರಲಿಲ್ಲ.

ಗಾಂಧೀಜಿ ಕೊಡಗಿಗೆ ಬಂದುದು 1934ರ ಫೆಬ್ರವರಿಯಲ್ಲಿ. 1933ರ ನವೆಂಬರಿನಲ್ಲಿ ವಾರ್ಧಾದಿಂದ ಹೊರಟು ಒಂಬತ್ತು ತಿಂಗಳ ಕಾಲ, ಸುಮಾರು 12,500 ಮೈಲಿ ಸಂಚರಿಸಿ, ಅಸ್ಪೃಶ್ಯತಾ ನಿವಾರಣೆಗಾಗಿ ಸುಮಾರು ಎಂಟು ಲಕ್ಷ ರೂಪಾಯಿ ಕೂಡಿಸಿದ ಪ್ರವಾಸದ ಒಂದು ಘಟ್ಟವಿದು. ತಮಿಳು ಜಿಲ್ಲೆಗಳ ಸಂಚಾರ ಮುಗಿಸಿ ಅವರು ಕೊಡಗಿಗೆ ಬಂದರು. ಪೊನ್ನಂಪೇಟೆ, ವಿರಾಜಪೇಟೆ, ಮಡಿಕೇರಿಗಳನ್ನು ಕಂಡು ಸಂಪಾಜೆಯ ಘಟ್ಟವಿಳಿದು ದಕ್ಷಿಣ ಕನ್ನಡಕ್ಕೆ ಹೋದರು. ಜನವರಿ 15ರ ಬಿಹಾರದ ಭೂಕಂಪ ಇನ್ನೂ ಹಸಿಯಾಗಿದ್ದ ದಿನಗಳವು. ಆ ದುರಂತವು ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆಯೆಂದು ಗಾಂಧೀಜಿ ನುಡಿದುದನ್ನು ರವೀಂದ್ರನಾಥ ಠಾಕೂರರು ಬಹಿರಂಗವಾಗಿ ಖಂಡಿಸಿದ್ದರು. ಠಾಕೂರರ ವಿಚಾರವೇ ಸರಿಯಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೊಡಗಿನ ಮಟ್ಟಿಗೆ ಆ ತಾತ್ತ್ವಿಕ ವಾದಕ್ಕಿಂತ ಮುಖ್ಯವಾದುದು, ಊರ ಹೊರಗೆ ನಿಂತವರ ಹೆಸರಿನಲ್ಲಿ ಊರಿನವರೆದುರು ಕೈಯೊಡ್ಡಿ ನಿಂತ ಒಬ್ಬ ಮುದುಕನ ದೃಶ್ಯ. 'ಹರಿಜನ' ಎಂಬ ಅಂದಿನ ಪದವನ್ನು ಆ ಸಮುದಾಯಗಳು ಮುಂದೆ ಒಪ್ಪಲಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು.

ಈ ಭೇಟಿಯೊಡನೆ ಶಾಶ್ವತವಾಗಿ ಬೆಸೆದುಕೊಂಡ ಹೆಸರು ಕೊಡಗಿನ ಗೌರಮ್ಮನವರದು. 1912ರಲ್ಲಿ ಮಡಿಕೇರಿಯಲ್ಲಿ ಜನಿಸಿದ ಅವರು ಬಿ.ಟಿ. ಗೋಪಾಲಕೃಷ್ಣ ಅವರನ್ನು ವಿವಾಹವಾಗಿ ಸುಂಟಿಕೊಪ್ಪದ ಸಮೀಪದ ಗುಂಡುಕುಟ್ಟಿ ಮಂಜುನಾಥಯ್ಯನವರ ತೋಟದಲ್ಲಿ ನೆಲೆಸಿದ್ದರು. 'ಶ್ರೀಮತಿ ಬಿ.ಟಿ.ಜಿ. ಕೃಷ್ಣ' ಎಂಬ ಹೆಸರಿನಲ್ಲಿ ಕಥೆಗಳನ್ನು ಬರೆಯುತ್ತಿದ್ದ, ಟೆನಿಸ್ ಆಡುತ್ತಿದ್ದ, ಈಜು ಬಲ್ಲ ಈ ತರುಣಿಗೆ ಆಗ ಸುಮಾರು ಇಪ್ಪತ್ತೆರಡು ವರ್ಷ. (ಚಿಕ್ಕವೀರರಾಜೇಂದ್ರನ ಮಗಳಾಗಿ, 1852ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಧರ್ಮಪುತ್ರಿಯಾದ ಗೌರಮ್ಮನೊಡನೆ ಇವರನ್ನು ಬೆರೆಸಿ ಹೇಳುವುದು ಉಂಟು, ಇಬ್ಬರೂ ಬೇರೆ.) ಗಾಂಧೀಜಿ ತಮ್ಮ ಮನೆಗೆ ಬಂದು ತಮ್ಮ ಒಡವೆಗಳನ್ನು ಸ್ವೀಕರಿಸಲೇಬೇಕೆಂದು ಗೌರಮ್ಮ ಉಪವಾಸ ಕುಳಿತರೆಂದೂ, ವಿಷಯ ತಿಳಿದ ಗಾಂಧೀಜಿ ಮನೆಗೆ ಬಂದರೆಂದೂ, ಅವರು ಮೈಮೇಲಿನ ಆಭರಣಗಳನ್ನು ನಿಧಿಗೆ ಒಪ್ಪಿಸಿದರೆಂದೂ ವೃತ್ತಾಂತ.

ಈ ಪ್ರಸಂಗವನ್ನು ಭಕ್ತಿಯ ಕಥೆಯಾಗಿಯೇ ಹೇಳಿಕೊಂಡು ಬರಲಾಗಿದೆ. ಅದರಲ್ಲಿ ಅಡಗಿರುವ ಸಾಮಾಜಿಕ ಅರ್ಥ ಅದಕ್ಕಿಂತ ಹಿರಿದು. ಅಂದಿನ ಮಧ್ಯಮವರ್ಗದ ಗೃಹಿಣಿಗೆ ಭೂಮಿಯ ಒಡೆತನವಿರಲಿಲ್ಲ, ಗಳಿಕೆಯಿರಲಿಲ್ಲ, ಬಹುಮಟ್ಟಿಗೆ ಮತವೂ ಇರಲಿಲ್ಲ. ತನ್ನದೆಂದು ಹೇಳಿಕೊಳ್ಳಬಹುದಾದ ಸ್ವತ್ತು ಸ್ತ್ರೀಧನವೊಂದೇ. ಅದನ್ನು ಯಾರಿಗೆ ಕೊಡಬೇಕೆಂದು ತಾನೇ ನಿರ್ಧರಿಸಿದ ಹೆಣ್ಣು, ಸಾರ್ವಜನಿಕ ಬದುಕಿನಲ್ಲಿ ತನಗೂ ಮಾತಿದೆಯೆಂದು ಸಾರಿದಂತಾಯಿತು. ಕೊಡಗಿನ ಗಡಿಯಾಚೆ, ಮಲಬಾರಿನ ವಡಕರದಲ್ಲಿ, ಅದೇ ವರ್ಷದ ಜನವರಿಯಲ್ಲಿ ಕೌಮುದಿ ಎಂಬ ಹದಿನಾರು ವರ್ಷದ ಬಾಲೆ ಸಭೆಯಲ್ಲಿಯೇ ತನ್ನ ಬಳೆ, ಸರ, ಓಲೆಗಳನ್ನು ಬಿಚ್ಚಿಕೊಟ್ಟಿದ್ದಳು. ಆಕೆಯ ತ್ಯಾಗವನ್ನು ಕುರಿತು ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಬರೆದರು. ಆಕೆ ಮುಂದೆ ಹಿಂದಿ ಕಲಿಸುತ್ತ ಜೀವನ ಸವೆಸಿದಳು. ಒಂದೇ ಪ್ರವಾಸದಲ್ಲಿ, ತಿಂಗಳೊಂದರ ಅಂತರದಲ್ಲಿ ನಡೆದ ಈ ಎರಡು ಸಂಗತಿಗಳನ್ನು ಜೊತೆಗಿಟ್ಟು ನೋಡಿದರೆ, ಇವು ಆಕಸ್ಮಿಕ ಭಾವಾವೇಶಗಳಲ್ಲವೆಂಬುದು ಸ್ಪಷ್ಟವಾಗುತ್ತದೆ.

ಒಡವೆಗಿಂತ ಹೆಚ್ಚು ಕಾಲ ಬಾಳಿದುದು ಗೌರಮ್ಮನವರ ಬರವಣಿಗೆ. ವಿಧವೆಯ ಪುನರ್ವಿವಾಹ, ಜಾತಿಯ ಗೆರೆ ದಾಟಿದ ಪ್ರೀತಿ, ಮದುವೆಯೊಳಗೇ ಒಂಟಿಯಾದ ಹೆಣ್ಣು ಅವರ ಕಥೆಗಳ ವಸ್ತು. 'ಅಪರಾಧಿ ಯಾರು?' ಎಂಬುದು ಅವರ ಒಂದು ಕಥೆಯ ಹೆಸರು. ಅವರ ಹಲವು ಕಥೆಗಳಿಗೆ ಈ ಹೆಸರು ಒಪ್ಪುತ್ತದೆ. ಭಾಷಣದಲ್ಲಿ ಹೇಳಿದರೆ ಜಗಳವಾಗಬಹುದಾಗಿದ್ದ ಮಾತುಗಳು ಪತ್ರಿಕೆಯ ಕಥೆಯಾಗಿ ಬಂದಾಗ ಮನೆಯೊಳಕ್ಕೆ ನಡೆದುಹೋದವು. ಸುಧಾರಣೆಯ ಚರಿತ್ರೆಯನ್ನು ಬರೆಯುವವರು ಸಭೆಗಳ ಠರಾವುಗಳನ್ನು ಎಣಿಸುವಷ್ಟು ಶ್ರದ್ಧೆಯಿಂದ ಇಂಥ ಓದನ್ನು ಗಮನಿಸುವುದಿಲ್ಲ. 1939ರ ಏಪ್ರಿಲ್‌ನಲ್ಲಿ ಹಾರಂಗಿಯಲ್ಲಿ ಈಜಲು ಹೋದ ಗೌರಮ್ಮ ಸುಳಿಗೆ ಸಿಕ್ಕಿ ತೀರಿಕೊಂಡರು. ಅವರ ಮೊದಲ ಸಂಕಲನ 'ಕಂಬನಿ' ಪ್ರಕಟವಾದುದು ಅವರು ಹೋದ ಮೇಲೆ. ಅವರನ್ನು ತಂಗಿಯೆಂದು ಭಾವಿಸಿದ್ದ ಬೇಂದ್ರೆಯವರು ಅವರ ನೆನಪಿಗೆ ಕವಿತೆ ಬರೆದರು.

ಗೌರಮ್ಮ ಕಥೆಯ ದಾರಿ ಹಿಡಿದ ಆ ದಶಕದಲ್ಲಿಯೇ ರಾಜಕೀಯದ ದಾರಿ ಹಿಡಿದವರಲ್ಲಿ ಇಬ್ಬರ ಹೆಸರು ಮುಖ್ಯ. ಪಂದ್ಯಂಡ ಬೆಳ್ಯಪ್ಪನವರು ಕೊಡಗಿನ ಗಾಂಧಿಯೆಂದೇ ಹೆಸರಾದವರು. ಖಾದಿ, ಪತ್ರಿಕೆ, ಸೆರೆಮನೆ, ಸರಳ ಬದುಕು ಇವು ಅವರ ಜೀವನದ ಹಾಸುಹೊಕ್ಕು. ಅವರಿಗಿಂತ ಕಿರಿಯರಾದ ಚೆಪ್ಪುಡಿರ ಮುತ್ತಣ್ಣ ಪೂಣಚ್ಚನವರು 1910ರಲ್ಲಿ ಜನಿಸಿದವರು. ಕಾನೂನು ಭಂಗ ಚಳವಳಿಯ ಕಾಲದಿಂದ 1942ರ ಚಳವಳಿಯವರೆಗೆ ಮತ್ತೆ ಮತ್ತೆ ಸೆರೆವಾಸ ಅನುಭವಿಸಿ, ಸಂವಿಧಾನ ರಚನಾ ಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸಿದರು. ಇಬ್ಬರೂ ಕಾಂಗ್ರೆಸ್ಸಿನ ಗರಡಿಯಲ್ಲಿ ಪಳಗಿದವರು, ಇಬ್ಬರೂ ಕೊಡವರು. ಸ್ವಾತಂತ್ರ್ಯಾನಂತರ ಇವರು ಎದುರುಬದುರಾದುದು ಕೊಡಗಿನ ಭವಿಷ್ಯದ ಪ್ರಶ್ನೆಯಲ್ಲಿ.

1950ರ ಸಂವಿಧಾನದಂತೆ ಕೊಡಗು ಒಂದು 'ಸಿ' ವರ್ಗದ ರಾಜ್ಯವಾಯಿತು. 1951ರ ಜನಗಣತಿಯಲ್ಲಿ 2,29,405 ಜನರಿದ್ದ ಈ ರಾಜ್ಯಕ್ಕೆ ಮಡಿಕೇರಿಯೇ ರಾಜಧಾನಿ. ಮೊದಲ ಮಹಾಚುನಾವಣೆಯಲ್ಲಿ ಮೈಸೂರಿನೊಡನೆ ವಿಲೀನವಾಗಬೇಕೆಂಬ ಕಾಂಗ್ರೆಸ್ಸನ್ನು ಪೂಣಚ್ಚನವರು ಮುನ್ನಡೆಸಿದರು. ವಿಲೀನ ಕೂಡದೆಂಬ ಬಣ ಬೆಳ್ಯಪ್ಪನವರದು. ತಕ್ಕಡಿಯನ್ನು ಗುರುತಾಗಿ ಹೊಂದಿದ್ದರಿಂದ ಅದಕ್ಕೆ ತಕ್ಕಡಿ ಪಕ್ಷವೆಂದೇ ಹೆಸರು ಬಿದ್ದಿತು. ಇಪ್ಪತ್ತನಾಲ್ಕು ಸ್ಥಾನಗಳಲ್ಲಿ ಹದಿನೈದು ಕಾಂಗ್ರೆಸ್ಸಿಗೆ, ಒಂಬತ್ತು ವಿರೋಧಿ ಬಣಕ್ಕೆ ದೊರೆತವು. 1952ರ ಮಾರ್ಚ್ 27ರಂದು ಪೂಣಚ್ಚನವರು ಮುಖ್ಯಮಂತ್ರಿಯಾದರು. ಸಂಪುಟದಲ್ಲಿದ್ದವರು ಅವರೂ ಸೇರಿ ಇಬ್ಬರೇ ಸಚಿವರು. ಈಗಿನ ಸಂಪುಟಗಳ ಗಾತ್ರ ಕಂಡವರಿಗೆ ಇದು ನಂಬಲು ಕಷ್ಟವಾದ ಸಂಗತಿ.

ಈ ಚುನಾವಣೆಯ ಮಹತ್ತ್ವ ಸ್ಥಾನಗಳ ಲೆಕ್ಕದಲ್ಲಿಲ್ಲ. 1924ರ ಪರಿಷತ್ತಿಗೆ ಆಸ್ತಿವಂತರು ಮಾತ್ರ ಮತ ಹಾಕಿದ್ದರು. ಈ ಬಾರಿ ಎರವರ ಹೆಂಗಸೂ ಐನ್‌ಮನೆಯ ಹಿರಿಯರೂ ಒಂದೊಂದೇ ಮತದ ಒಡೆಯರು. ಊರ ಅಂಗಳಕ್ಕೆ ಯಾರು ಬರಬಹುದೆಂಬ ಹಳೆಯ ಪ್ರಶ್ನೆಗೆ ಮತಗಟ್ಟೆಯ ಸಾಲು ಒಂದು ದಿನದ ಮಟ್ಟಿಗಾದರೂ ಉತ್ತರ ಕೊಟ್ಟಿತು.

ವಿಲೀನದ ವಾದವಿವಾದದಲ್ಲಿ ಎರಡು ಕಡೆಯ ಮಾತಿಗೂ ತೂಕವಿತ್ತು. ಶಾಲೆ, ನ್ಯಾಯಾಲಯ, ವ್ಯಾಪಾರಗಳ ಭಾಷೆ ಕನ್ನಡ. ಎರಡೂಕಾಲು ಲಕ್ಷ ಜನರ ರಾಜ್ಯವೊಂದು ಉನ್ನತ ಶಿಕ್ಷಣ, ವಿದ್ಯುತ್ತು, ರಸ್ತೆಗಳಿಗೆ ಸ್ವಂತ ಬಲದಿಂದ ಹಣ ಹೊಂದಿಸುವುದು ಕಷ್ಟ. ಕೊಡವರಲ್ಲದ ಬಹುಸಂಖ್ಯಾತರಿಗೆ ವಿಶಾಲ ಕನ್ನಡ ರಾಜ್ಯದಲ್ಲಿ ಸಮಪಾಲು ದೊರೆಯುವ ಭರವಸೆ. ಇದು ಒಂದು ಕಡೆಯ ವಿಚಾರ. ಇನ್ನೊಂದೆಡೆ, ಕಾಡು ಮತ್ತು ಕಾಫಿಯ ಆದಾಯ ಬೇರೆಡೆಗೆ ಹರಿದುಹೋದೀತು, ಜಮ್ಮಾದಂಥ ವಿಶಿಷ್ಟ ವ್ಯವಸ್ಥೆಗಳನ್ನು ದೂರದ ಅಧಿಕಾರಿಗಳು ಅರಿಯಲಾರರು, ಚಿಕ್ಕ ಸಮುದಾಯದ ದನಿ ದೊಡ್ಡ ಸಭೆಯಲ್ಲಿ ಕೇಳಿಸದಾದೀತು ಎಂಬ ಭಯ. 1953ರಲ್ಲಿ ನೇಮಕವಾದ ಫಜಲ್ ಅಲಿ ಆಯೋಗವು 1955ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ವರದಿಯಲ್ಲಿ ಕೊಡಗನ್ನು ಕನ್ನಡ ರಾಜ್ಯಕ್ಕೆ ಸೇರಿಸುವಂತೆ ಶಿಫಾರಸು ಮಾಡಿತು. 1956ರ ನವೆಂಬರ್ 1ರಂದು ರಾಜ್ಯವಾಗಿದ್ದ ಕೊಡಗು ಜಿಲ್ಲೆಯಾಯಿತು. ತಮ್ಮ ಮುಖ್ಯಮಂತ್ರಿ ಪದವಿಯನ್ನೇ ಇಲ್ಲವಾಗಿಸುವ ಗುರಿಗಾಗಿ ಪೂಣಚ್ಚನವರು ಚುನಾವಣೆ ಗೆದ್ದು ಆಡಳಿತ ನಡೆಸಿದರೆಂಬುದು ಭಾರತದ ರಾಜಕೀಯ ಚರಿತ್ರೆಯಲ್ಲಿಯೇ ಅಪರೂಪದ ನಿದರ್ಶನ.

ಬೆಳ್ಯಪ್ಪನವರ ಪಾಲು ಅಷ್ಟೇ ಗಣನೀಯವಾದುದು. ರಾಜ್ಯಗಳ ಪುನರ್ವಿಂಗಡಣೆಯ ಆ ವರ್ಷಗಳಲ್ಲಿ ಮುಂಬಯಿಯಂಥ ನಗರಗಳಲ್ಲಿ ಗೋಲಿಬಾರುಗಳಾಗಿ ಜನ ಸತ್ತರು. ಬಂದೂಕು ಹೊಂದುವ ಹಕ್ಕು ಪರಂಪರೆಯಿಂದಲೇ ಬಂದಿದ್ದ, ಸೈನಿಕರೇ ತುಂಬಿದ್ದ ಕೊಡಗಿನಲ್ಲಿ ಈ ಪ್ರಶ್ನೆ ಮತಪೆಟ್ಟಿಗೆಯ ಮೂಲಕವೂ ಸಭೆಯ ಚರ್ಚೆಯ ಮೂಲಕವೂ ತೀರ್ಮಾನವಾಯಿತು. ಸೋತ ಪಕ್ಷದ ಮುಂದಾಳು ಅಹಿಂಸೆಯನ್ನು ಬದುಕಾಗಿಸಿಕೊಂಡವರಾಗಿದ್ದುದು ಇದಕ್ಕೆ ಒಂದು ಮುಖ್ಯ ಕಾರಣವೆಂದು ಊಹಿಸಬಹುದು. ಗೆದ್ದವರ ನಾಯಕತ್ವವನ್ನು ಮಾತ್ರ ದಾಖಲಿಸುವ ಚರಿತ್ರೆ ಅರ್ಧ ಚರಿತ್ರೆ.

ಅವರ ಭಯವೂ ನಿರಾಧಾರವಾಗಿರಲಿಲ್ಲ. ಒಮ್ಮೆ ಇಪ್ಪತ್ತನಾಲ್ವರು ಶಾಸಕರಿದ್ದ ನಾಡಿಗೆ 2008ರ ಕ್ಷೇತ್ರ ಪುನರ್ವಿಂಗಡಣೆಯ ಬಳಿಕ ಉಳಿದುದು ಮಡಿಕೇರಿ ಮತ್ತು ವಿರಾಜಪೇಟೆ ಎಂಬ ಎರಡು ಸ್ಥಾನಗಳು. 1952ರಲ್ಲಿದ್ದ ಪ್ರತ್ಯೇಕ ಲೋಕಸಭಾ ಕ್ಷೇತ್ರ ಮೈಸೂರಿನೊಡನೆ ಬೆರೆಯಿತು. 1990ರ ದಶಕದಿಂದೀಚೆಗೆ ಸ್ವಾಯತ್ತತೆಯ ಕೂಗು ಮತ್ತೆ ಕೇಳಿಬಂದುದರ ಬೇರು ಇಲ್ಲಿದೆ. ಭಾಷೆ ಸಂಸ್ಕೃತಿಗಳ ಮಟ್ಟಿಗೆ ಕನ್ನಡ ರಾಜ್ಯ ಸ್ವಲ್ಪ ಉದಾರವಾಗಿಯೇ ನಡೆದುಕೊಂಡಿದೆ. 1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿ, 2011ರಲ್ಲಿ ಅರೆಭಾಷೆಯ ಅಕಾಡೆಮಿ ಸ್ಥಾಪಿತವಾದವು. 1837ರಲ್ಲಿ ಎರಡು ಬಗೆಯ ನೆನಪುಗಳಾಗಿ ಒಡೆದುಹೋದ ಎರಡು ಸಮುದಾಯಗಳ ನುಡಿಗೆ ಈಗ ಮಡಿಕೇರಿಯಲ್ಲಿಯೇ ಎರಡು ಮನೆಗಳಿವೆ. ಎರಡು ಮನೆಗಳ ನಡುವೆ ಓಡಾಟ ಎಷ್ಟಿದೆ ಎಂಬುದು ಬೇರೆ ಮಾತು.

ಗಾಂಧೀಜಿಯ ಚಿತಾಭಸ್ಮದ ಒಂದು ಭಾಗವನ್ನು ಮಡಿಕೇರಿಯ ಜಿಲ್ಲಾ ಖಜಾನೆಯಲ್ಲಿ ಕಾಪಾಡಿ, ಸರ್ವೋದಯ ದಿನದಂದು ಗೌರವದಿಂದ ಗಾಂಧಿ ಮಂಟಪಕ್ಕೆ ತರುವ ಪದ್ಧತಿ ಬೆಳೆದುಬಂದಿದೆ. ಆದರೆ 1934ರಲ್ಲಿ ಅವರು ಯಾರಿಗಾಗಿ ನಿಧಿ ಕೇಳಿದರೋ ಆ ಜನರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಾವಿ, ಗುಡಿ, ಹೋಟೆಲುಗಳ ಬಾಗಿಲನ್ನು ಕಾನೂನಿನಲ್ಲಿ ತೆರೆಯಿತು. ನೆಲದ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಗೌರಮ್ಮನವರ ಬಂಗಾರವಾಗಲಿ, ಪೂಣಚ್ಚ ಬೆಳ್ಯಪ್ಪನವರ ರಾಜಕಾರಣವಾಗಲಿ ಮುಟ್ಟದೆ ಬಿಟ್ಟ ಜಾಗವಿದು. ಆ ತಲೆಮಾರಿನ ಸುಧಾರಕರ ಕಣ್ಣಿಗೆ ಅಂಗಳ ಕಂಡಿತು, ಅಂಗಳದಾಚೆಯ ಲೈನ್‌ಮನೆ ಕಾಣಲಿಲ್ಲ. ತೋಟದ ಲೈನ್‌ಮನೆಗಳಲ್ಲಿ ತಲೆಮಾರುಗಳಿಂದ ದುಡಿದ ಎರವ, ಜೇನುಕುರುಬ ಮೊದಲಾದ ಸಮುದಾಯಗಳ ಕುಟುಂಬಗಳು ವಿರಾಜಪೇಟೆ ತಾಲೂಕಿನ ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದವು. 2016ರ ಡಿಸೆಂಬರಿನಲ್ಲಿ ಐನೂರಕ್ಕೂ ಹೆಚ್ಚು ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಲಾಯಿತು. ಅವರಲ್ಲಿ ಮುಂದೆ ನಿಂತು ಮಾತನಾಡಿದವರು ಆ ಸಮುದಾಯಗಳ ಹೆಂಗಸರೇ. ರಾಜ್ಯದಾದ್ಯಂತ ಸುದ್ದಿಯಾದ ಆ ಹೋರಾಟದ ನಂತರ ಸರಕಾರವು ಅವರಿಗೆ ಸೋಮವಾರಪೇಟೆ ತಾಲೂಕಿನ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಕಲ್ಪಿಸಿತು. ಎಬ್ಬಿಸಿದ ಕಾಡಂಚಿನಿಂದ ಬಹುದೂರ, ಜಿಲ್ಲೆಯ ಇನ್ನೊಂದು ತುದಿಯಲ್ಲಿ.